ಪಿಎಫ್ ಬೇಡ ಸರ್, ಕೈಗೇ ಕೊಡಿ

ಉದ್ಯೋಗ ಮೇಳ ಮುಗಿಯುವ ಹೊತ್ತಿಗೆ ಕಂಪನಿಗಳ ಎಚ್‌ಆರ್‌ನವರು ನಮ್ಮ ಟೇಬಲ್ ಹತ್ತಿರ ಬರುತ್ತಾರೆ. ಈಚೆಗೆ ಅವರದ್ದು ಒಂದೇ ದೂರು: "ಸೆಲೆಕ್ಟ್ ಆದ ಹುಡುಗರು ಪಿಎಫ್ ಬೇಡ ಅಂತಿದ್ದಾರೆ ಸರ್." ಕೈಗೆ ಬರುವ ಸಂಬಳ ಕಡಿಮೆ ಆಗುತ್ತದೆ ಅನ್ನುವ ಬೇಜಾರು ಹಳೆಯದು, ಅದು ಅರ್ಥವಾಗುತ್ತದೆ. ಕೆಲಸ ಸಿಗದ ಪದವೀಧರರಿಗೆ, ಡಿಪ್ಲೊಮಾದವರಿಗೆ ರಾಜ್ಯ ಸರ್ಕಾರ ಭತ್ಯೆ ಕೊಡುವ ಯುವನಿಧಿ ಬಂದ ಮೇಲೆ ಇನ್ನೊಂದು ಕಾರಣ ಸೇರಿಕೊಂಡಿದೆ. ಪಿಎಫ್ ಖಾತೆ ಆದರೆ ಕೆಲಸ ಸಿಕ್ಕಿರುವುದು ಸರ್ಕಾರಕ್ಕೆ ಗೊತ್ತಾಗುತ್ತದೆ, ಭತ್ಯೆ ನಿಂತುಹೋಗುತ್ತದೆ. ಹಾಗಾಗಿ ಕೆಲಸ ಬೇಕು, ಸಂಬಳ ಬೇಕು, ಆದರೆ ದಾಖಲೆಯಲ್ಲಿ ಮಾತ್ರ ನಿರುದ್ಯೋಗಿಯಾಗೇ ಇರಬೇಕು!

ಯುವನಿಧಿಗೆ ಅರ್ಜಿ ಹಾಕುವುದು ಹೇಗೆ, ಯಾವ ದಾಖಲೆ ಬೇಕು ಅನ್ನುವುದನ್ನೆಲ್ಲ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ನಾನು ಹೇಳಬೇಕಾಗಿರುವುದು ಆ ಯೋಜನೆಯ ಆದೇಶದ ಒಂದೇ ಸಾಲಿನ ಬಗ್ಗೆ. ಪದವಿ ಮುಗಿಸಿದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಎಷ್ಟು ದಿನ? ಗರಿಷ್ಠ 2 ವರ್ಷ, ಅಥವಾ ಕೆಲಸ ಸಿಗುವವರೆಗೆ. ನಮ್ಮ ಹುಡುಗರು "2 ವರ್ಷ" ಅಂತ ಓದಿ ಅಲ್ಲಿಗೇ ನಿಲ್ಲಿಸುತ್ತಾರೆ. 3,000ವನ್ನು 24ರಿಂದ ಗುಣಿಸುತ್ತಾರೆ, 72,000 ಬರುತ್ತದೆ. ಅವತ್ತಿನಿಂದ ಆ 72,000 ತಮ್ಮ ಹೆಸರಿನಲ್ಲಿ ಸರ್ಕಾರ ಇಟ್ಟಿರುವ ಠೇವಣಿ ಅಂತ ಅವರ ಲೆಕ್ಕ. ಐದನೇ ತಿಂಗಳಿಗೆ ಕೆಲಸ ಸಿಕ್ಕಿತು ಅನ್ನಿ, "ಅಯ್ಯೋ, ಇನ್ನು 19 ತಿಂಗಳ ದುಡ್ಡು ಹೋಯ್ತಲ್ಲ" ಅಂತ ಸಂಕಟ ಪಡುತ್ತಾರೆ. ಹೋಗಲಿಲ್ಲಪ್ಪ, ಅದು ನಿನ್ನದಾಗಿರಲೇ ಇಲ್ಲ. ಕೆಲಸ ಇಲ್ಲದ ತಿಂಗಳಿಗೆ ಮಾತ್ರ ಕೊಡುವ ದುಡ್ಡು ಅದು. ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಮನೆಯಲ್ಲಿ ಕೈ ಚಾಚೋದು ಬೇಡ ಅಂತ. ಅದಕ್ಕೇ ಅಲ್ವಾ ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಸ್ವಯಂ ಘೋಷಣೆ ಕೇಳುವುದು? ಅದನ್ನು ಸೈಬರ್ ಸೆಂಟರ್‌ನವನ ಕೈಲಿ ಸುಮ್ನೆ ಒತ್ತಿಸಿ ಬರುತ್ತಾರೆ. ಅದು ನೀವು ಸರ್ಕಾರಕ್ಕೆ ಕೊಡುವ ಹೇಳಿಕೆ. ಸುಳ್ಳಾದರೆ ಕ್ರಮ ತೆಗೆದುಕೊಳ್ಳುವುದಕ್ಕೂ ಅವಕಾಶ ಇದೆ.

ಕಳೆದ ಮೇಳದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಒಬ್ಬ ಹುಡುಗ ತಾಯಿಯ ಜೊತೆ ಬಂದಿದ್ದ. ತಾಯಿಯ ಕೈಯಲ್ಲಿ ಸೀರೆ ಅಂಗಡಿಯ ಕವರ್, ಅದರೊಳಗೆ ಮಗನ ಅಂಕಪಟ್ಟಿಗಳೆಲ್ಲ. ಸಿಎನ್‌ಸಿ ಆಪರೇಟರ್ ಕೆಲಸಕ್ಕೆ ಸೆಲೆಕ್ಟ್ ಆಗಿದ್ದ. ಮೂಲ ವೇತನ 15,000. "ಆರು ತಿಂಗಳು ಕೈಗೆ ಕೊಡಲಿ ಸರ್, ಆಮೇಲೆ ಪಿಎಫ್ ಮಾಡ್ಲಿ. ನೀವೇ ಒಂದು ಮಾತು ಹೇಳಿ" ಅಂದ. ನನ್ನ ಬಾಯಿಂದ ಆ ಮಾತು ಹೇಳಿಸೋಕೆ ಬಂದಿದ್ದಾನಲ್ಲ ಅಂತ ಸಿಟ್ಟೂ ಬಂತು, ನಗುವೂ ಬಂತು.

ಮೇಳದ ಫಾರಂ ಹಿಂದೆ ಲೆಕ್ಕ ಬರೆದು ತೋರಿಸಿದೆ. ಅವನ ಭತ್ಯೆ 1,500. ಪಿಎಫ್‌ಗೆ ಅವನ ಸಂಬಳದಿಂದ ಶೇ 12 ಅಂದರೆ 1,800 ಹೋಗುತ್ತದೆ. ಅದು ಅವನದೇ ದುಡ್ಡು, ಬಡ್ಡಿ ಸಮೇತ ಅವನಿಗೇ ಬರುತ್ತದೆ. ಕಂಪನಿ ತನ್ನ ಕಡೆಯಿಂದ ಇನ್ನೊಂದು 1,800 ಹಾಕುತ್ತದೆ. ಅದರಲ್ಲಿ 1,250 ಪಿಂಚಣಿ ಲೆಕ್ಕಕ್ಕೆ, 550 ಪಿಎಫ್‌ಗೆ. ಅಂದರೆ 1,500 ಉಳಿಸಿಕೊಳ್ಳೋಕೆ ಹೋಗಿ ಕಂಪನಿ ಕೊಡುವ 1,800 ಬಿಡುತ್ತಿದ್ದಾನೆ. ತಾಯಿ ಕೂಡಲೇ ಹಿಡಿದರು: "ಏನೋ ಇದು, ಬರೋದಕ್ಕಿಂತ ಬಿಡೋದೇ ಜಾಸ್ತಿ ಆಯ್ತಲ್ಲ!" ಮಗ ಮಾತ್ರ ಇನ್ನೂ ಫಾರಂ ನೋಡ್ತಾ ನಿಂತಿದ್ದ.

ಪದವೀಧರರು ಇಲ್ಲೊಂದು ವಾದ ಹೂಡುತ್ತಾರೆ: ನಮಗೆ 3,000 ಬರುತ್ತಲ್ಲ, 1,800ಕ್ಕಿಂತ ಜಾಸ್ತಿ ಆಯ್ತಲ್ಲ ಅಂತ. ಕೂಡಿ ಕಳೆಯುವ ಲೆಕ್ಕಕ್ಕೆ ಸರಿ. ಆದರೆ ಪಿಎಫ್ ಜೊತೆಗೆ 7 ಲಕ್ಷದವರೆಗಿನ ಜೀವ ವಿಮೆಯೂ ಇರುತ್ತದೆ, ಅದಕ್ಕೆ ನೌಕರ ಒಂದು ಪೈಸೆ ಕಟ್ಟಬೇಕಿಲ್ಲ. ಸಂಬಳ 21,000ದೊಳಗಿದ್ದರೆ ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ ಇರುತ್ತದೆ. ನಿಮ್ಮಿಂದ ಶೇ 0.75, ಕಂಪನಿಯಿಂದ ಶೇ 3.25, ಚಿಕಿತ್ಸೆ ಮನೆಯವರಿಗೂ ಸಿಗುತ್ತದೆ. (ಈ ಮಿತಿಗಳು ಆಗಾಗ ಬದಲಾಗುತ್ತವೆ. ಸೇರುವ ದಿನ ಎಷ್ಟಿದೆ ಅಂತ ಕೇಳಿಕೊಳ್ಳಿ.)

ಇನ್ನೊಂದು ವಿಷಯ ಎಷ್ಟೋ ಹುಡುಗರಿಗೆ ಗೊತ್ತೇ ಇಲ್ಲ. ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಒಂದು ತಿಂಗಳ ಪಿಎಫ್ ವೇತನದಷ್ಟು (ಪಿಎಫ್ ಲೆಕ್ಕ ಹಾಕುವ ಸಂಬಳ), ಗರಿಷ್ಠ 15,000 ರೂಪಾಯಿ ಸಿಗುತ್ತದೆ. ಎರಡು ಕಂತು. ಮೊದಲನೆಯದು 6 ತಿಂಗಳು ಕೆಲಸ ಮಾಡಿದ ಮೇಲೆ, ಎರಡನೆಯದು 12 ತಿಂಗಳಾದ ಮೇಲೆ. ಎರಡನೆಯದಕ್ಕೆ ಹಣಕಾಸು ತಿಳಿವಳಿಕೆಯ ಒಂದು ಚಿಕ್ಕ ಕೋರ್ಸ್ ಮುಗಿಸಿರಬೇಕು. ಹೊಸಬರನ್ನು ತೆಗೆದುಕೊಂಡ ಕಂಪನಿಗೂ ಷರತ್ತುಗಳ ಮೇಲೆ ತಲಾ 3,000ದವರೆಗೆ ತಿಂಗಳಿಗೆ ಸಿಗುತ್ತದೆ. ಇದೆಲ್ಲ ನಡೆಯೋದು ಪಿಎಫ್ ದಾಖಲೆಯ ಮೇಲೆ. ಆ ದಾಖಲೆಯೇ ಬೇಡ ಅಂದವನಿಗೆ ಯಾರು ಕೊಡುತ್ತಾರೆ?

ಕೆಲವು ಮಾಲೀಕರಿಗಂತೂ ಈ ಹುಡುಗರು ಸಿಕ್ಕರೆ ಹಬ್ಬ. 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಪಿಎಫ್ ಕಡ್ಡಾಯ, ಆದರೂ "ಹುಡುಗನೇ ಬೇಡ ಅಂದ" ಅನ್ನೋದು ಅವರಿಗೆ ಒಳ್ಳೆಯ ನೆಪ. ಕಾನೂನಿನಲ್ಲಿ ಆ ನೆಪ ನಡೆಯೋದಿಲ್ಲ, ನಡೆಯೋದು ಶೆಡ್ಡಿನೊಳಗೆ ಮಾತ್ರ. ಹೀಗೇ ಕೈಗೆ ಸಂಬಳ ತಗೊಳ್ಳುತ್ತಿದ್ದ ಒಬ್ಬ ಹುಡುಗನ ಎರಡು ಬೆರಳು ಪವರ್ ಪ್ರೆಸ್‌ನಲ್ಲಿ ಹೋದವು. ಮಾಲೀಕ ಆಸ್ಪತ್ರೆ ಬಿಲ್ ಅರ್ಧ ಕೊಟ್ಟ. ಪರಿಹಾರದ ಮಾತು ಬಂದಾಗ, "ನಮ್ಮಲ್ಲಿ ಅವನು ಕೆಲಸಕ್ಕೇ ಇರಲಿಲ್ಲ, ಫ್ರೆಂಡ್ ನೋಡೋಕೆ ಬಂದಿದ್ದ" ಅಂದುಬಿಟ್ಟ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಸಂಬಳದ ಚೀಟಿ ಇಲ್ಲ, ಬ್ಯಾಂಕಿಗೆ ಒಂದು ರೂಪಾಯಿ ಬಿದ್ದಿಲ್ಲ. ಅದೇ ತಿಂಗಳು ಇವನೇ ನನಗೆ ಕೆಲಸ ಇಲ್ಲ ಅಂತ ಸ್ವಯಂ ಘೋಷಣೆ ಕೊಟ್ಟಿದ್ದ. ಕಾನೂನಿನ ದಾರಿ ಆಗಲೂ ಮುಚ್ಚಿರುವುದಿಲ್ಲ, ಆದರೆ ಜೊತೆಯವರ ಸಾಕ್ಷಿ ಹುಡುಕಿಕೊಂಡು ಅಲೆಯಬೇಕು. ಕೆಲಸ ಕಳೆದುಕೊಳ್ಳುವ ಭಯದಲ್ಲಿ ಜೊತೆಯವರು ಬಾಯಿ ಬಿಡೋದಿಲ್ಲ.

ಅನುಭವದ ಕಥೆಯೂ ಇಷ್ಟೇ. ಒಂದೂವರೆ ವರ್ಷ ದುಡಿದು ಮುಂದಿನ ಕಂಪನಿಗೆ ಹೋದರೆ ಯುಎಎನ್, ಅಂದರೆ ಪಿಎಫ್ ಸದಸ್ಯರಿಗೆ ಕೊಡುವ ನಂಬರ್ ಕೇಳುತ್ತಾರೆ. ಇಲ್ಲ ಅಂದರೆ ಫ್ರೆಷರ್ ಸಂಬಳ.

ಹಾಂ, ಪಿಎಫ್ ಕಟ್ ಆದರೆ ಮುಂದೆ ಸರ್ಕಾರಿ ನೌಕರಿ ಸಿಗಲ್ಲ ಅಂತ ಒಂದು ಪುಕಾರು ಕೋಚಿಂಗ್ ಸೆಂಟರ್‌ಗಳ ಸುತ್ತ ಓಡಾಡುತ್ತಿದೆ. ಹಾಗೇನೂ ಇಲ್ಲ. ಖಾಸಗಿ ಕೆಲಸದಲ್ಲಿದ್ದುಕೊಂಡೇ ಪರೀಕ್ಷೆ ಬರೆದು ಪಾಸಾದವರು ಬೇಕಾದಷ್ಟು ಜನ ಇದ್ದಾರೆ.

ಅಪ್ರೆಂಟಿಸ್‌ಗಳ ಕಥೆ ಮಾತ್ರ ಬೇರೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಪಿಎಫ್, ಇಎಸ್‌ಐ ಅನ್ವಯ ಆಗುವುದಿಲ್ಲ. ಅಲ್ಲಿ ಕಂಪನಿ ಮೋಸ ಮಾಡುತ್ತಿದೆ ಅಂತ ಜಗಳಕ್ಕೆ ನಿಲ್ಲಬೇಡಿ. ಆದರೆ ಸ್ಟೈಪೆಂಡ್ ಬರುತ್ತಿರುವಾಗ ಯುವನಿಧಿಯೂ ಇಲ್ಲ. ಅದನ್ನೂ ಮುಚ್ಚಿಡೋಕೆ ಹೋಗಬೇಡಿ.

ಆ ಡಿಪ್ಲೊಮಾ ಹುಡುಗ ಕೊನೆಗೆ ಪಿಎಫ್ ಫಾರಂಗೆ ಸಹಿ ಹಾಕಿದ. ಸೇರುವ ಮುಂಚೆ ಎರಡು ಕೆಲಸ ಮುಗಿಸು ಅಂತ ಹೇಳಿ ಕಳಿಸಿದೆ. ಒಂದು, ಕೆಲಸ ಸಿಕ್ಕಿದೆ ಅಂತ ಸೇವಾ ಸಿಂಧುವಿನಲ್ಲಿ ತಿಳಿಸಿಬಿಡು. ಇನ್ನೊಂದು, ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ನೋಡು. ಅವನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇತ್ತು. ತಿದ್ದಿಸಿಕೊಂಡು ಬರೋಕೆ ಒಂದು ವಾರ ಟೈಮ್ ಕೊಡಿ ಅಂತ ಎಚ್‌ಆರ್‌ಗೆ ನಾನೇ ಫೋನ್ ಮಾಡಿ ಹೇಳಿದೆ.