ನಾಲ್ಕೇ ಕಿಟಕಿ, ಎಷ್ಟು ತಗೋತೀರಿ?

ಕಿಟಕಿ ಸ್ವಚ್ಛ ಮಾಡುವ ಕೆಲಸದಲ್ಲಿರುವವರಿಗೆ ಬರುವ ಫೋನ್ ಹೆಚ್ಚಾಗಿ ಹೀಗೇ ಇರುತ್ತದೆ. "ಚಿಕ್ಕ ಮನೆ ಸಾರ್, ನಾಲ್ಕೇ ಕಿಟಕಿ. ಎಷ್ಟು ತಗೋತೀರಿ?" ಕೇಳುವವರ ಲೆಕ್ಕ ಸರಳ. ಕಿಟಕಿ ಕಡಿಮೆ, ಅಂದ ಮೇಲೆ ದುಡ್ಡೂ ಕಡಿಮೆ. ತೊಂದರೆ ಏನೆಂದರೆ, ಈ ಕೆಲಸಕ್ಕೆ ಹೊಸದಾಗಿ ಇಳಿದವರೂ ಇದೇ ಲೆಕ್ಕ ಹಾಕುತ್ತಾರೆ. ಒಂದು ಗಾಜಿಗೆ ಇಷ್ಟು ಅಂತ ಇಟ್ಟುಕೊಂಡು, ಗುಣಿಸಿ, ಥಟ್ಟನೆ ಹೇಳಿಬಿಡುತ್ತಾರೆ. ತಿಂಗಳ ಕೊನೆಗೆ ನೋಡಿದರೆ ಡೈರಿ ತುಂಬಿದೆ, ಜೇಬು ಮಾತ್ರ ತುಂಬಿಲ್ಲ.

ಗಡಿಯಾರ ಹಿಡಿದು ಒಂದು ಚಿಕ್ಕ ಮನೆಯ ಕೆಲಸ ನೋಡೋಣ. ಗಾಜಿನ ಮೇಲೆ ಕೈ ಆಡುವುದು 40 ನಿಮಿಷ. ಹಿಂದಿನ ಮನೆಯಿಂದ ಇಲ್ಲಿಗೆ ಬರಲು 25 ನಿಮಿಷ. ಏಣಿ ಇಳಿಸಿ, ಬಕೆಟ್ ತುಂಬಿಸಿ, ನೆಲಕ್ಕೆ ಬಟ್ಟೆ ಹಾಸಿ, ಕಿಟಕಿ ಹತ್ತಿರದ ಹೂಕುಂಡ, ಸೋಫಾ ಸರಿಸಲು 10. ಮುಗಿದ ಮೇಲೆ ಸಾಮಾನು ಕಟ್ಟಿ, ಮನೆಯವರಿಗೆ ಒಂದು ಸುತ್ತು ತೋರಿಸಿ, ದುಡ್ಡು ಇಸಿದುಕೊಳ್ಳಲು ಇನ್ನೊಂದು 10. ಒಟ್ಟು 85 ನಿಮಿಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಜಿನ ಕೆಲಸವೇ ಅಲ್ಲ.

ಈಗ ಒಂದು ದೊಡ್ಡ ಮನೆ. ಗಾಜಿನ ಕೆಲಸ 180 ನಿಮಿಷ. ಬರುವುದು, ಹರಡುವುದು, ಕಟ್ಟುವುದು ಇಲ್ಲೂ ಹೆಚ್ಚು ಕಡಿಮೆ ಅದೇ 45. ಒಟ್ಟು 225 ನಿಮಿಷ. ಇಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಗಾಜಿಲ್ಲದ ಸಮಯ. ಎರಡೂ ಮನೆಗೆ ಗಾಜಿನ ರೇಟ್ ಒಂದೇ ಇಟ್ಟರೆ, ದೊಡ್ಡ ಮನೆಯಲ್ಲಿ ಗಂಟೆಗೆ 100 ದುಡಿಯುವವರು ಚಿಕ್ಕ ಮನೆಯಲ್ಲಿ ದುಡಿಯುವುದು ಸುಮಾರು 59. ಅದೇ ಕೈ, ಗಾಜಿನ ನೀರು ಎಳೆಯುವ ಅದೇ ರಬ್ಬರ್ ಪಟ್ಟಿಯ ಸ್ಕ್ವೀಜಿ, ಅದೇ ಬೆವರು.

ಹಾಗಾಗಿ ಚಿಕ್ಕ ಮನೆಯಲ್ಲಿ ನಾವು ಮಾರುತ್ತಿರುವುದು ಗಾಜಿನ ಲೆಕ್ಕವನ್ನಲ್ಲ, ಮನೆ ಬಾಗಿಲಿಗೆ ಹೋಗಿ ಬರುವುದನ್ನು. ರೇಟ್ ಕೂಡ ಅದಕ್ಕೇ ಇರಬೇಕು. ಕನಿಷ್ಠ ಶುಲ್ಕ ಅಂತ ಒಂದು ಇಟ್ಟುಕೊಳ್ಳಬೇಕು, ಅದಕ್ಕಿಂತ ಕೆಳಗೆ ಇಳಿಯಬಾರದು.

ಅದು ಎಷ್ಟಿರಬೇಕು? ಯಾವ ದೇಶದ ದುಡ್ಡಾದರೂ ಲೆಕ್ಕದ ದಾರಿ ಒಂದೇ. ಮೊದಲು ದಿನದ ಖರ್ಚು ಬರೆಯಿರಿ. ವಾಹನ, ಇಂಧನ, ಸೋಪು, ರಬ್ಬರ್, ವಿಮೆ, ಫೋನು, ತೆರಿಗೆ, ಮತ್ತೆ ಮುಖ್ಯವಾಗಿ ನಿಮ್ಮ ಕೂಲಿ. ಮಳೆ ಬಂದು ಅಥವಾ ಜ್ವರ ಬಂದು ಕೆಲಸ ನಿಂತ ದಿನಗಳ ಭಾರವನ್ನೂ ಕೆಲಸವಿರುವ ದಿನಗಳ ಮೇಲೆ ಹಂಚಿ. ಎಲ್ಲ ಸೇರಿ 800 ಆಯಿತು ಅಂದುಕೊಳ್ಳಿ. ಬಂದ ದುಡ್ಡಿನಲ್ಲಿ ಶೇ 20 ವ್ಯಾಪಾರಕ್ಕೆ ಉಳಿಯಬೇಕು. ಇಲ್ಲಿ ತುಂಬಾ ಜನ 800ಕ್ಕೆ ಅದರ ಶೇ 20, ಅಂದರೆ 160 ಸೇರಿಸಿ 960 ಅನ್ನುತ್ತಾರೆ. ಆದರೆ 960ರಲ್ಲಿ 160 ಅಂದರೆ ಶೇ 16.7 ಅಷ್ಟೇ. 800 ಅನ್ನು 0.8ರಿಂದ ಭಾಗಿಸಬೇಕು. ಆಗ 1000 ಬರುತ್ತದೆ.

ದಿನದ 8 ಗಂಟೆಯಲ್ಲಿ ಒಂದು ಗಂಟೆ ಫೋನು, ಲೆಕ್ಕಪತ್ರ, ಬಟ್ಟೆ ಒಗೆಯುವುದಕ್ಕೆ ಹೋಗುತ್ತದೆ. ಉಳಿದ 7 ಗಂಟೆಯಲ್ಲಿ 1000 ಬರಬೇಕು. ಗಂಟೆಗೆ ಸುಮಾರು 143. ನಮ್ಮ 85 ನಿಮಿಷದ ಚಿಕ್ಕ ಮನೆಗೆ 200ರ ಆಸುಪಾಸು. 225 ನಿಮಿಷದ ದೊಡ್ಡ ಮನೆಗೆ ಸುಮಾರು 535. ಭಾಗಿಸಿ ನೋಡಿದರೆ ಚಿಕ್ಕ ಮನೆಯ ಒಂದು ಗಾಜಿಗೆ ದೊಡ್ಡ ಮನೆಯದರ 1.7 ಪಟ್ಟು ರೇಟ್ ಬೀಳುತ್ತದೆ. ಇದು ಮೋಸ ಅಲ್ಲ, ಗಡಿಯಾರದ ಲೆಕ್ಕ. ಆದರೆ ಒಂದು ಎಚ್ಚರ ಬೇಕು. ಓಡಾಟದ ಸಮಯ ಈ ಗಂಟೆಯ ರೇಟ್‌ನಲ್ಲೇ ಸೇರಿದೆ. ಮತ್ತೆ ಓಡಾಟದ ಶುಲ್ಕ ಅಂತ ಬೇರೆ ಹಾಕಿದರೆ ಒಂದೇ ಖರ್ಚಿಗೆ ಎರಡು ಸಲ ದುಡ್ಡು ಕೇಳಿದ ಹಾಗಾಗುತ್ತದೆ.

ಈ ಗಂಟೆಯ ರೇಟ್ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ. ಗಿರಾಕಿಗೆ ಹೇಳಬೇಕಾದ್ದು ಇಡೀ ಕೆಲಸದ ರೇಟ್. ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡರೆ, ಕೈ ಪಳಗಿ ವೇಗ ಬಂದಷ್ಟೂ ಆದಾಯ ಕಡಿಮೆಯಾಗುತ್ತದೆ. ಕಲಿತದ್ದಕ್ಕೆ ದಂಡ ಕಟ್ಟಿದ ಹಾಗೆ. ಮನೆಯವರಿಗೂ ಅದು ಹಿಂಸೆ. ನೀವು ನೀರು ಕುಡಿಯಲು ನಿಂತರೂ ಗಡಿಯಾರ ನೋಡುತ್ತಾರೆ.

ಕನಿಷ್ಠ ಶುಲ್ಕ ಕೇಳಿದ ತಕ್ಷಣ "ನಾಲ್ಕು ಕಿಟಕಿಗೆ ಇಷ್ಟಾ?" ಅನ್ನುತ್ತಾರೆ. ಅನ್ನಲಿ. "ನಾನು ಬರುವುದಕ್ಕೆ ಕನಿಷ್ಠ ಇಷ್ಟು. ಇದರಲ್ಲಿ ನಾಲ್ಕು ಕಿಟಕಿಯ ಒಳಗೆ, ಹೊರಗೆ, ಜಾಲರಿ, ಕಿಟಕಿ ಜಾರುವ ಟ್ರ್ಯಾಕ್ ಎಲ್ಲ ಸೇರಿದೆ" ಅಂದರೆ ಸಾಕು. ಪಕ್ಕದ ಮನೆಯವರೂ ಅದೇ ದಿನ ಮಾಡಿಸಿದರೆ ಇಬ್ಬರಿಗೂ ಸ್ವಲ್ಪ ಬಿಡಬಹುದು, ಏಕೆಂದರೆ ಆಗ ನಿಮಗೆ ಒಂದು ಓಡಾಟ ನಿಜವಾಗಿ ಉಳಿಯುತ್ತದೆ. ನಿಮಗೆ ಏನೂ ಉಳಿಯದ ಕಡೆ ಸುಮ್ನೆ ರಿಯಾಯಿತಿ ಕೊಡುವುದು ಬೇಡ.

ಕಿಟಕಿ ಎಷ್ಟು ಅನ್ನುವುದಕ್ಕಿಂತ ಎಂಥ ಕಿಟಕಿ ಅನ್ನುವುದನ್ನು ಫೋನಿನಲ್ಲೇ ಕೇಳಬೇಕು. ಸ್ಕ್ವೀಜಿಯ ವೇಗ ಬರುವುದು ದೊಡ್ಡ ಗಾಜಿನ ಮೇಲೆ. ಅಮೆರಿಕದಲ್ಲಿ ಕಿಟಕಿ ಸ್ವಚ್ಛ ಮಾಡುತ್ತಿದ್ದ ಎತ್ತೋರೆ ಸ್ಟೆಕೋನೆ 1936ರಲ್ಲಿ ಪೇಟೆಂಟ್ ಪಡೆದ ಆ ಹಗುರವಾದ ಉಪಕರಣ ಮೂಲದಲ್ಲಿ ಇವತ್ತಿಗೂ ಹಾಗೇ ಇದೆ. ಅಡ್ಡಪಟ್ಟಿ ಹಾಕಿ ಗಾಜನ್ನು ಚೌಕ ಚೌಕ ಮಾಡಿದರೆ ಅದರ ಆಟ ನಡೆಯುವುದಿಲ್ಲ. 1 ಮೀಟರ್ ಅಗಲ, 1.2 ಮೀಟರ್ ಎತ್ತರದ ಒಂದೇ ಗಾಜಾದರೆ ಬಟ್ಟೆಯಲ್ಲಿ ಒರೆಸಬೇಕಾದ ಅಂಚು 4.4 ಮೀಟರ್. ಅದನ್ನೇ 12 ಚೌಕ ಮಾಡಿ ನೋಡಿ, ಅಂಚು 15 ಮೀಟರ್ ದಾಟುತ್ತದೆ. ಗಾಜು ಅಷ್ಟೇ ಇದೆ, ಕೆಲಸ ಮೂರು ಪಟ್ಟು. ಫೋನಿನಲ್ಲಿ ಎರಡಕ್ಕೂ ಹೆಸರು 'ಒಂದು ಕಿಟಕಿ'.

ಏಣಿ ಬೇಕೇ, ಮೇಲಿನ ಮಹಡಿ ಇದೆಯೇ, ಜಾಲರಿ ಬಿಚ್ಚಬಹುದೇ, ಒಳಗೂ ಮಾಡಬೇಕೇ ಇವೆಲ್ಲ ಮಾಮೂಲಿ ಪ್ರಶ್ನೆಗಳು. ಕೊನೆಯದಾಗಿ ಯಾವಾಗ ಸ್ವಚ್ಛ ಮಾಡಿಸಿದ್ದು ಅಂತಲೂ ಕೇಳಿ. ಮೊದಲ ಸಲದ ಕೆಲಸಕ್ಕೂ, ಎರಡು ತಿಂಗಳಿಗೊಮ್ಮೆ ನಡೆಯುವ ಕೆಲಸಕ್ಕೂ ಬೇರೆ ಬೇರೆ ರೇಟ್ ಇರಲೇಬೇಕು. ವರ್ಷಗಟ್ಟಲೆ ಕೂತ ಮಣ್ಣು ಟ್ರ್ಯಾಕಿನಲ್ಲಿ ಗಟ್ಟಿಯಾಗಿರುತ್ತದೆ. ಅದನ್ನು ಕೆರೆದು ತೆಗೆಯುವುದೇ ಒಂದು ಕೆಲಸ. ಮಾಮೂಲಿ ರೇಟಿಗೆ ಅದನ್ನು ಒಪ್ಪಿಕೊಂಡರೆ ಮೊದಲ ದಿನವೇ ನಷ್ಟ. ಇನ್ನು ಅವರು ಎರಡನೇ ಸಲ ಕರೆಯದಿದ್ದರೆ ಆ ನಷ್ಟ ತುಂಬಿಕೊಳ್ಳಲು ದಾರಿಯೇ ಇಲ್ಲ.

ಎರಡು ಕೆಲಸಕ್ಕೆ ಮಾತ್ರ ನೋಡದೆ ರೇಟ್ ಹೇಳಬಾರದು. ಒಂದು ಗಡಸು ನೀರಿನ ಬಿಳಿ ಕಲೆ. ಸ್ಪ್ರಿಂಕ್ಲರ್ ನೀರು ಹಾರಿ ಒಣಗಿದ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂತು ಬಿಡುತ್ತದೆ. ಸೋಪಿಗೆ ಜಗ್ಗುವುದಿಲ್ಲ, ಆಮ್ಲ ಇರುವ ಕ್ಲೀನರ್ ಬೇಕು. ತುಂಬಾ ಹಳೆಯದಾದರೆ ಗಾಜಿನ ಮೇಲ್ಮೈಯನ್ನೇ ತಿಂದಿರುತ್ತದೆ. ಆಗ ಎಷ್ಟು ಉಜ್ಜಿದರೂ ಮೊದಲಿನ ಹಾಗೆ ಆಗುವುದಿಲ್ಲ. ಮೂಲೆಯಲ್ಲಿ ಒಂದು ಅಂಗೈಯಷ್ಟು ಜಾಗ ಉಜ್ಜಿ ತೋರಿಸಿ, ಆಮೇಲೆ ರೇಟ್ ಹೇಳಿ.

ಇನ್ನೊಂದು, ಹೊಸದಾಗಿ ಕಟ್ಟಿದ ಅಥವಾ ಪೇಂಟ್ ಮಾಡಿಸಿದ ಮನೆ. ಪೇಂಟ್ ಹನಿ, ಸಿಮೆಂಟ್ ಅಂಟಿರುತ್ತದೆ, ಸ್ಕ್ರೇಪರ್ ಹಾಕಲೇಬೇಕು ಅನಿಸುತ್ತದೆ. ಗಾಜು ಟೆಂಪರ್ಡ್ ಆಗಿದ್ದರೆ ಸ್ವಲ್ಪ ತಡೆಯಿರಿ. ಟೆಂಪರ್ಡ್ ಗಾಜನ್ನು ಗಟ್ಟಿಯಾಗಿಸಲು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಗಾಳಿ ಹಾಯಿಸಿ ಬೇಗ ತಣಿಸುತ್ತಾರೆ. ಆಗ ಗಾಜಿನ ಸಣ್ಣ ಪುಡಿ ಮೇಲ್ಮೈಗೆ ಬೆಸೆದುಕೊಂಡು ಉಳಿದಿರಬಹುದು. ಕಣ್ಣಿಗೆ ಕಾಣದು, ಕೈಯಾಡಿಸಿದರೆ ಮರಳಿನ ಹಾಗೆ ತರಿತರಿ. ಅದರ ಮೇಲೆ ಬ್ಲೇಡ್ ಹೋದರೆ ಆ ಪುಡಿ ಕಿತ್ತು ಬಂದು ಉದ್ದಕ್ಕೂ ಗೀರು ಎಳೆಯುತ್ತದೆ. ದೋಷ ತಯಾರಿಕೆಯದು, ಬೈಗುಳ ನಿಮಗೆ. ಒಂದು ಗಾಜು ಬದಲಿಸಬೇಕಾಗಿ ಬಂದರೆ ಎಷ್ಟೋ ಮನೆಗಳ ಸಂಪಾದನೆ ಅಲ್ಲಿಗೆ ಹೋಯಿತು. ಇಂಥ ಕೆಲಸಕ್ಕೆ ಗೀರಿನ ವಿಚಾರವನ್ನು ಮೊದಲೇ ಬರೆದು, ಸಹಿ ಹಾಕಿಸಿಕೊಂಡು, ಮಾಮೂಲಿಗಿಂತ ಜಾಸ್ತಿ ರೇಟಿಗೇ ಮಾಡಬೇಕು. ಸಹಿ ಹಾಕಲು ಒಪ್ಪದಿದ್ದರೆ ಆ ಕೆಲಸ ಬಿಟ್ಟುಬಿಡಿ.

ಇನ್ನು ರೇಟ್ ಏರಿಸುವ ವಿಚಾರ. ಕೆಲಸದಲ್ಲಿ ನಿಪುಣರಾದವರೂ ಇಲ್ಲಿ ಬಾಯಿ ಕಟ್ಟಿಕೊಂಡು ಕೂರುತ್ತಾರೆ. "ಹಳೇ ಗಿರಾಕಿ, ಹೇಗೆ ಕೇಳೋದು?" ಅನ್ನುವ ಸಂಕೋಚ. ಆದರೆ ಏರಿಸದೆ ಇರುವುದೂ ಒಂದು ತೀರ್ಮಾನವೇ ಅಲ್ವಾ? ಖರ್ಚು ವರ್ಷಕ್ಕೆ ಶೇ 5ರಂತೆ ಏರುತ್ತಿದ್ದರೆ, ಐದು ವರ್ಷ ಅದೇ ರೇಟಿಗೆ ದುಡಿದವರು ತಮ್ಮ ರೇಟನ್ನು ತಾವೇ ಸುಮಾರು ಶೇ 22 ಇಳಿಸಿಕೊಂಡ ಹಾಗೆ. ಅದನ್ನು ಒಂದೇ ಸಲ ಸರಿ ಮಾಡಲು ಹೋದರೆ ಶೇ 28 ಏರಿಸಬೇಕು. ಗಿರಾಕಿ ಬೆಚ್ಚಿಬೀಳುವುದು ಇಂಥ ಏರಿಕೆಗೆ. ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿದರೆ ಹೆಚ್ಚಿನವರು ಮರುಮಾತಾಡುವುದಿಲ್ಲ.

ಗಿರಾಕಿ ಬಿಟ್ಟು ಹೋದರೆ ಅನ್ನುವ ಭಯಕ್ಕೂ ಲೆಕ್ಕವಿದೆ. 100 ಮನೆ, ತಲಾ 100 ಅಂದರೆ 10,000. ರೇಟ್ 120 ಮಾಡಿದಿರಿ. 16 ಮನೆಯವರು ಬೇಡ ಅಂದರು. ಉಳಿದ 84 ಮನೆಯಿಂದ ಬರುವುದು 10,080. ಆದಾಯ ಕೂದಲೆಳೆಯಷ್ಟು ಜಾಸ್ತಿಯೇ ಆಯಿತು, 16 ಮನೆಯ ಕೆಲಸ ಮತ್ತು ಇಂಧನ ಉಳಿಯಿತು. ಆ ಖಾಲಿ ಸಮಯಕ್ಕೆ ಬರುವ ಹೊಸಬರಿಗೆ ಮೊದಲ ದಿನದಿಂದಲೇ ಹೊಸ ರೇಟ್.

ಎಲ್ಲರಿಗೂ ಒಂದೇ ಶೇಕಡಾ ಏರಿಸುವುದು ನನಗೆ ಸರಿ ಕಾಣುವುದಿಲ್ಲ. ನೋಡಲು ನ್ಯಾಯ, ಒಳಗೆ ಅನ್ಯಾಯ. 85 ನಿಮಿಷದ ಕೆಲಸಕ್ಕೆ 120 ಕೊಡುತ್ತಿರುವವರಿಗೆ ಶೇ 10 ಏರಿಸಿದರೆ 132. ಇನ್ನೂ ನಷ್ಟವೇ. ಸರಿಯಾದ ರೇಟ್ ಕೊಡುತ್ತಿರುವ ದೊಡ್ಡ ಮನೆಯವರ ಮೇಲೆ ಮಾತ್ರ ಸುಮ್ನೆ ಹೊರೆ. ಅದರ ಬದಲು ಎಲ್ಲ ಗಿರಾಕಿಗಳ ಹೆಸರಿನ ಮುಂದೆ ಕೊಟ್ಟ ದುಡ್ಡು, ಹಿಡಿದ ಒಟ್ಟು ಸಮಯ ಬರೆದು ಗಂಟೆಗೆ ಎಷ್ಟು ಬಿತ್ತು ಅಂತ ನೋಡಿ. 120ರ ಮನೆ ಗಂಟೆಗೆ 85 ಕೊಡುತ್ತಿದೆ, ಬೇಕಿರುವುದು 143. ಪಟ್ಟಿಯ ಅಡಿಯಲ್ಲಿರುವ ಇಂಥವರಿಂದಲೇ ಶುರು ಮಾಡಿ. ಈ ಸಲ 160, ಮುಂದಿನ ಸಲ 200. ಮೊದಲ ಹೆಜ್ಜೆಯಲ್ಲಿ ನಾಲ್ವರಲ್ಲಿ ಒಬ್ಬರು ಹೋದರೂ ಆದಾಯ ಅಷ್ಟೇ ಇರುತ್ತದೆ. ಅವರು ಹೋದರೆ ಅಷ್ಟೊಂದು ಬೇಸರ ಪಡುವಂಥದ್ದೂ ಇಲ್ಲ.

ನನ್ನ ಪಟ್ಟಿಯಲ್ಲಿ ಒಂದಿಬ್ಬರು ವಯಸ್ಸಾದ ಹಳೆಯ ಗಿರಾಕಿಗಳ ರೇಟ್ ಏರಿಲ್ಲ. ಅದು ವ್ಯಾಪಾರ ಅಲ್ಲ ಅಂತ ಗೊತ್ತಿದ್ದೇ ಬಿಟ್ಟಿದ್ದೇನೆ. ಗೊತ್ತಿದ್ದು ಬಿಡುವುದು ಬೇರೆ, ಕೇಳಲು ಹೆದರಿ ಬಿಡುವುದು ಬೇರೆ.

ಹೇಳುವ ರೀತಿ ಚಿಕ್ಕದಾಗಿರಲಿ. ಒಂದು ತಿಂಗಳು ಮುಂಚೆ ಮೆಸೇಜ್ ಹಾಕಿ. "ಮೇಡಂ, ನಮಸ್ಕಾರ. ಮುಂದಿನ ತಿಂಗಳಿಂದ ನಿಮ್ಮ ಮನೆಯ ಕಿಟಕಿ ಕೆಲಸದ ರೇಟ್ 200ರಿಂದ 220 ಆಗುತ್ತದೆ. ಈ ತಿಂಗಳು ಹಳೇ ರೇಟೇ. ಏನಾದರೂ ಕೇಳುವುದಿದ್ದರೆ ಫೋನ್ ಮಾಡಿ." ಇಷ್ಟು ಸಾಕು. ಪೆಟ್ರೋಲ್, ಸೋಪು, ಮಕ್ಕಳ ಫೀಸು ಅಂತ ಕಾರಣದ ಪಟ್ಟಿ ಕೊಟ್ಟರೆ ಒಂದೊಂದು ಕಾರಣಕ್ಕೂ ವಾದ ಹುಟ್ಟುತ್ತದೆ. ಕೆಲಸ ಮುಗಿಸಿ, ದುಡ್ಡು ಕೈಗೆ ಬರುವ ಹೊತ್ತಿಗೆ "ಈ ಸಲದಿಂದ 220" ಅನ್ನುವುದಂತೂ ಬೇಡವೇ ಬೇಡ.

ಜಾಸ್ತಿ ಆಯಿತು ಅಂದರೆ ರೇಟ್ ಇಳಿಸಬೇಡಿ, ಕೆಲಸ ಇಳಿಸಿ. ಒಳಗಿನದು ಬಿಟ್ಟು ಹೊರಗಿನದು ಮಾತ್ರ ಮಾಡಬಹುದು. ಜಾಲರಿ ಒಂದು ಸಲ ಬಿಟ್ಟು ಒಂದು ಸಲ ಮಾಡಬಹುದು. ಸುಮ್ಮನೆ ಇಳಿಸಿದರೆ ಮೊದಲು ಹೇಳಿದ ರೇಟ್ ಸುಳ್ಳು ಅಂತ ನೀವೇ ಒಪ್ಪಿದ ಹಾಗೆ. "ತಿಂಗಳಿಗೊಮ್ಮೆ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ, ರೇಟ್ ಅದೇ ಇರಲಿ" ಅನ್ನುವವರಿಗೂ ಒಪ್ಪಬೇಡಿ. ಅವರಿಗೆ ಖರ್ಚು ಉಳಿಯುತ್ತದೆ ನಿಜ, ಆದರೆ ಆರು ತಿಂಗಳ ಕೊಳೆಗೆ ಒಂದು ತಿಂಗಳ ಕೊಳೆಯ ರೇಟ್ ಸಾಲುವುದಿಲ್ಲ.

ಬಿಟ್ಟು ಹೋದವರಲ್ಲಿ ಕೆಲವರು ವರ್ಷದ ಮೇಲೆ ಮತ್ತೆ ಫೋನ್ ಮಾಡುತ್ತಾರೆ. ಕಡಿಮೆಗೆ ಬಂದವರು ಮೂಲೆ ಬಿಟ್ಟಿರುತ್ತಾರೆ, ಇಲ್ಲವೇ ಬರುವುದನ್ನೇ ನಿಲ್ಲಿಸಿರುತ್ತಾರೆ. ಖುಷಿಯಿಂದಲೇ ಹೋಗಿ. ಹಳೆಯದನ್ನು ಎತ್ತಿ ಆಡಬೇಡಿ. ರೇಟ್ ಮಾತ್ರ ಇವತ್ತಿನದು, ಅದೂ ಮೊದಲ ಸಲದ ಕೆಲಸದ್ದು. ಒಂದು ವರ್ಷದ ಮಣ್ಣು ಟ್ರ್ಯಾಕಿನಲ್ಲಿ ಕೂತಿರುತ್ತದಲ್ಲ.