ಮೊರಟೋರಿಯಂ: ಶಿಕ್ಷಣ ಸಾಲದ ಬಿಡುವಿನ ಅವಧಿ

ಶಿಕ್ಷಣ ಸಾಲದ ಮಂಜೂರಾತಿ ಪತ್ರದಲ್ಲಿ ಕಾಣಿಸುವ ಮೊರಟೋರಿಯಂ ಎಂದರೆ ಸಾಲ ಪಡೆದವರು ಕಂತು ಕಟ್ಟಬೇಕಾಗಿಲ್ಲದ ಅವಧಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಇದು ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ; ಬಿ.ಇ. ಓದುವವರಿಗೆ ಒಟ್ಟು ಐದು ವರ್ಷ. ಕೂಲಿಯನ್ನೋ ತುಂಡು ಭೂಮಿಯನ್ನೋ ನಂಬಿದ ಮನೆಯವರು ಮಕ್ಕಳು ಓದುತ್ತಿರುವಾಗಲೇ ತಿಂಗಳ ಕಂತು ಹೊಂದಿಸುವುದು ಆಗದ ಮಾತಾದ್ದರಿಂದ, ಈ ಬಿಡುವಿಲ್ಲದೆ ಶಿಕ್ಷಣ ಸಾಲಕ್ಕೆ ಅರ್ಥವೇ ಇರುವುದಿಲ್ಲ.

ಆದರೆ ಈ ಅವಧಿಯಲ್ಲಿ ನಿಲ್ಲುವುದು ಕಂತು ಮಾತ್ರ, ಬಡ್ಡಿಯಲ್ಲ. ಅನೇಕ ಪೋಷಕರು ಎಡವುವುದು ಇಲ್ಲಿಯೇ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಶೇ. 10ರ ದರದಲ್ಲಿ ಸಾಲ ಬಿಡುಗಡೆಯಾಯಿತು ಎಂದುಕೊಳ್ಳೋಣ. ಮೊದಲ ವರ್ಷದ ಲಕ್ಷಕ್ಕೆ ಐದು ವರ್ಷಗಳ ಸರಳ ಬಡ್ಡಿ 50,000 ರೂಪಾಯಿ. ನಂತರದ ಮೂರು ಬಿಡುಗಡೆಗಳಿಗೆ ಕ್ರಮವಾಗಿ 40,000, 30,000 ಮತ್ತು 20,000. ಹೀಗೆ ಕೂಡಿದ 1.4 ಲಕ್ಷವನ್ನು ಅಸಲಿಗೆ ಸೇರಿಸಿ ಕಂತು ನಿಗದಿ ಮಾಡುವುದರಿಂದ, ಮರುಪಾವತಿ ಶುರುವಾಗುವುದು 4 ಲಕ್ಷದಿಂದಲ್ಲ, 5.4 ಲಕ್ಷದಿಂದ, ಅಲ್ಲಿಂದ ಮುಂದೆ ಬಡ್ಡಿಗೂ ಬಡ್ಡಿ. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ ಈ ಹೊರೆ ಉಳಿಯದು. ಮೊದಲ ವರ್ಷ ಅದು ತಿಂಗಳಿಗೆ 830 ರೂಪಾಯಿಯ ಆಸುಪಾಸು, ನಾಲ್ಕನೆಯ ವರ್ಷ 3,300ರಷ್ಟು. ಹಾಗೆ ಕಟ್ಟುವವರಿಗೆ ಬ್ಯಾಂಕು ದರದಲ್ಲಿ ಶೇ. 1ರ ರಿಯಾಯಿತಿ ಕೊಡಲೂಬಹುದು.

ಕಟ್ಟಲಾಗದವರ ಪರವಾಗಿ ಸರ್ಕಾರ ನಿಲ್ಲುವುದು ಬಡ್ಡಿ ಸಹಾಯಧನದ ಮೂಲಕ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರದಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುತ್ತಿದ್ದರೆ ಮೊರಟೋರಿಯಂ ಅವಧಿಯ ಪೂರ್ತಿ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಿಂದ ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕು, ಅಂದರೆ ಯೋಜನೆಯ ನಿರ್ವಹಣೆ ನೋಡಿಕೊಳ್ಳುವ ಬ್ಯಾಂಕು. 2024ರ ನವೆಂಬರ್‌ನಲ್ಲಿ ಸಂಪುಟದ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯು 8 ಲಕ್ಷದವರೆಗಿನ ಆದಾಯದ ಕುಟುಂಬಗಳಿಗೆ, 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿ ನೀಡುತ್ತದೆ. ಮೇಲಿನ ಲೆಕ್ಕಕ್ಕೆ ಇದನ್ನು ಅನ್ವಯಿಸಿದರೆ ದರ ಶೇ. 10ರಿಂದ 7ಕ್ಕೆ ಬಂದು, 1.4 ಲಕ್ಷದ ಬಡ್ಡಿ 98,000ಕ್ಕೆ ಇಳಿಯುತ್ತದೆ. ಆದರೆ ಈ ರಿಯಾಯಿತಿ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸೀಮಿತ, ಮತ್ತು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೆ ಇದು ಸಿಗದು. ವಿದ್ಯಾರ್ಥಿವೇತನ, ಬಡ್ಡಿ ರಿಯಾಯಿತಿ ಎರಡರಲ್ಲಿ ಯಾವುದು ಲಾಭವೆಂದು ಮೊದಲೇ ಲೆಕ್ಕ ಹಾಕುವುದು ಒಳಿತು. ಬಡ್ಡಿಯ ಈ ಎರಡೂ ಯೋಜನೆಗಳಿಗೆ ಆದಾಯ ಪ್ರಮಾಣಪತ್ರ ಬೇಕೇ ಬೇಕು; ನಮ್ಮಲ್ಲಿ ನಾಡಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯುವ ಪತ್ರ ಅದೇ.

ಬಿಡುವಿನ ಅವಧಿ ಮುಗಿದ ಮೇಲೆ ಕೆಲಸ ಸಿಕ್ಕಿರಲಿ, ಬಿಡಲಿ, ಕಂತು ಆರಂಭವಾಗುತ್ತದೆ. ಉದ್ಯೋಗವಿಲ್ಲದ ದಿನಗಳಿಗೆ ಸಾಲದ ಅವಧಿಯೊಳಗೆ ಎರಡು ಮೂರು ಬಾರಿ ಮತ್ತೆ ಬಿಡುವು ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆಯಾದರೂ ಅದು ತಾನಾಗಿ ಸಿಗುವುದಿಲ್ಲ. ಮೊದಲ ಕಂತು ತಪ್ಪುವ ಮುನ್ನವೇ ಶಾಖೆಗೆ ಹೋಗಿ ಲಿಖಿತವಾಗಿ ಕೇಳಿಕೊಳ್ಳಬೇಕು.