ಆಂಟನಿಯ ಲೀಜನ್ ನಾಣ್ಯ ಓದೋದು ಹೇಗೆ

ಈ ನಾಣ್ಯದಲ್ಲಿ ನಾನು ಮೊದಲು ಎಡವಿದ್ದು ‘ಎ ವಿ ಜಿ’ ಅನ್ನೋ ಮೂರಕ್ಷರದಲ್ಲಿ. ರೋಮನ್ ನಾಣ್ಯದ ಮೇಲೆ ಅದು ಕಂಡ್ರೆ ಆಗಸ್ಟಸ್, ಅಂದ್ರೆ ಚಕ್ರವರ್ತಿಯ ಬಿರುದು, ಅಂತ ಓದಿ ಅಭ್ಯಾಸ ಅಲ್ವಾ, ಆದ್ರೆ ಇದು ರೋಮನ್ ಸೇನಾಪತಿ ಮಾರ್ಕ್ ಆಂಟನಿ ಕ್ರಿ.ಪೂ. 32-31ರಲ್ಲಿ ತಾನು ಸೋತ ಆಕ್ಟಿಯಂ ಯುದ್ಧಕ್ಕೆ ಮುಂಚೆ ಸೈನಿಕರ ಸಂಬಳಕ್ಕೆ ಅಂತ ಟಂಕಿಸಿದ ಡಿನೇರಿಯಸ್ ಅನ್ನೋ ಬೆಳ್ಳಿ ನಾಣ್ಯ, ಆಗಸ್ಟಸ್ ಅನ್ನೋ ಬಿರುದು ಬಂದಿದ್ದೇ ಕ್ರಿ.ಪೂ. 27ರಲ್ಲಿ. ಇಲ್ಲಿ ಅದನ್ನ ಔಗುರ್ ಅಂತ ಓದ್ಬೇಕು, ಹಕ್ಕಿ ಶಕುನ ನೋಡೋ ಪುರೋಹಿತ ಅಂತ ಅರ್ಥ, ಆಂಟನಿಗೆ ಆ ಪದವಿ ಇತ್ತು.

ಒಂದು ಕಡೆ ಹುಟ್ಟು ಹಾಕೋ ಯುದ್ಧನೌಕೆ. ಇನ್ನೊಂದು ಕಡೆ ಮಧ್ಯದಲ್ಲಿ ಕೋಲಿನ ತುದಿಗೆ ಲೀಜನ್ನಿನ, ಅಂದ್ರೆ ರೋಮನ್ ಸೇನಾ ದಳದ, ಲಾಂಛನವಾದ ಹದ್ದು, ಅಕ್ಕಪಕ್ಕ ಎರಡು ಧ್ವಜದಂಡ, ಕೆಳಗೆ ಎಡಕ್ಕೆ ಲೀಜನ್ ಅನ್ನೋದರ ಚಿಕ್ಕ ರೂಪ ‘ಲೆಗ್’, ಬಲಕ್ಕೆ ರೋಮನ್ ಅಂಕಿಯಲ್ಲಿ ಅದರ ನಂಬರ್. 2ರಿಂದ 23ರ ತನಕ ಲೀಜನ್‌ಗಳು ಸಿಗುತ್ವೆ, 12, 17, 18ಕ್ಕೆ ಮಾತ್ರ ಹೆಸರು ಸಮೇತ ಬರೆದಿರೋದೂ ಇದೆ, ಬೆಂಗಾವಲು ಪಡೆಗೂ ಬೇಹುಗಾರರಿಗೂ ಬೇರೆ ನಾಣ್ಯ. ನಂಬರ್ ಓದೋವಾಗ ಅವಸರ ಬೇಡ. ಸವೆದು ಕೊನೆಯ ಗೀಟು ಹೋಗಿದ್ರೆ ಏಳು (VII) ಆರಾಗಿ (VI) ಕಾಣುತ್ತೆ, ಅದಕ್ಕೇ ನಾಣ್ಯನ ಓರೆ ಬೆಳಕಿಗೆ ಹಿಡಿದು ಕೊನೇ ಗೀಟಾದ್ಮೇಲೆ ಎಷ್ಟು ಜಾಗ ಖಾಲಿ ಇದೆ ನೋಡಿ.

ಯಾಕೆ ಇಷ್ಟು ಸವೆದಿವೆ ಅನ್ನೋದೇ ನನಗೆ ಇದರಲ್ಲಿ ಇಷ್ಟವಾದ ವಿಷಯ. ಆಂಟನಿ ಬೆಳ್ಳಿಗೆ ಕಬ್ಬಿಣ ಬೆರೆಸಿದ ಅಂತ ರೋಮನ್ ಲೇಖಕ ಪ್ಲಿನಿ ಬರೀತಾನೆ, ನಿಜವಾಗಿ ಬೆರೆತಿರೋದು ತಾಮ್ರ. ಬೆಳ್ಳಿ ಕಳಪೆ ಅಂತ ಜನಕ್ಕೂ ಗೊತ್ತಿತ್ತು, ಹಾಗಾಗಿ ಒಳ್ಳೇ ಡಿನೇರಿಯಸ್ ಮನೇಲಿ ಬಚ್ಚಿಟ್ಟು ಇದನ್ನ ಅಂಗಡಿಗೆ ದಾಟಿಸೋರು, ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ಹೊಸ ನಾಣ್ಯದಲ್ಲೇ ಬೆಳ್ಳಿ ಕಮ್ಮಿ ಮಾಡಿದ್ಮೇಲಂತೂ ಹಳೇ ಒಳ್ಳೇವೆಲ್ಲ ಕರಗಿಸೋ ಮೂಸೆಗೆ ಹೋದ್ವು, ಇವು ಮಾತ್ರ ಕೈಯಿಂದ ಕೈಗೆ ಓಡಾಡ್ತಾ ಉಳ್ಕೊಂಡ್ವು. ಇನ್ನೂರು ವರ್ಷ ಆದ್ಮೇಲೆ ಹೂತಿಟ್ಟ ನಿಧಿಗಳಲ್ಲೂ ಸಿಗುತ್ವೆ, ಹಡಗು ಬರೀ ಉಬ್ಬಾಗಿ ಉಳಿದಿರುತ್ತೆ ಅಷ್ಟೆ. ಆಂಟನಿ ಸೋತ, ಸತ್ತ, ಅವನ ದುಡ್ಡು ಮಾತ್ರ ಸಾಯ್ಲಿಲ್ಲ!

ಮುಂದೆ ಜೊತೆಯಾಗಿ ಆಳಿದ ಚಕ್ರವರ್ತಿಗಳು ಮಾರ್ಕಸ್ ಔರೇಲಿಯಸ್ ಮತ್ತು ಲೂಸಿಯಸ್ ವೇರಸ್ ಸೇರಿ 6ನೇ ಲೀಜನ್ ನಾಣ್ಯನ ಅದೇ ಡಿಸೈನಲ್ಲಿ ಮತ್ತೆ ಹೊರಡಿಸಿದ್ರು. ಅದರಲ್ಲಿ ಹಡಗಿನ ಕಡೆ ‘ಔಗುರ್’ ಅಂತ ಪೂರ್ತಿ ಬರೆದಿದೆ, ಹದ್ದಿನ ಕಡೆ ಇರೋ ‘ಎ ವಿ ಜಿ’ ಮಾತ್ರ ಆಗಸ್ಟಸ್ಸೇ.